ಅವರೆಕಾಯಿ ಸೀಸನ್ನಿಗೆ ಒಂದು ಫ್ಲಾಸ್ಕ್ ಜೀರಿಗೆ ನೀರು

ಡಿಸೆಂಬರ್ ಬಂತು ಅಂದ್ರೆ ನಮ್ಮನೇಲಿ ಬೇರೆ ತರಕಾರಿಗೆ ಜಾಗನೇ ಇಲ್ಲ. ಮಾಗಡಿ ಕಡೆಯ ಸೊಗಡವರೆ ಮಾರ್ಕೆಟ್ಟಿಗೆ ಇಳಿದ ದಿನದಿಂದ ಸಂಕ್ರಾಂತಿ ದಾಟೋವರೆಗೂ ಬೆಳಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಹಿತಕಿದಬೇಳೆ ಸಾರು, ಸಂಜೆ ಕಾಫಿ ಜೊತೆ ಕರಿದ ಅವರೆಬೇಳೆ, ರಾತ್ರಿ ಅಕ್ಕಿರೊಟ್ಟಿಗೂ ಒಂದು ಹಿಡಿ ಕಾಳು ಬೀಳಲೇಬೇಕು. ಇದು ಸಾಲ್ದು ಅಂತ ಒಂದು ಭಾನುವಾರ ವಿವಿ ಪುರಂ ಕಡೆಯ ಅವರೆಬೇಳೆ ಮೇಳಕ್ಕೂ ಹೋಗಿ ದೋಸೆಯಿಂದ ಹಿಡಿದು ಜಿಲೇಬಿವರೆಗೂ ಎಲ್ಲದರಲ್ಲೂ ಅವರೆ ತಿಂದು ಬರ್ತೀವಿ. ಹಬ್ಬದ ದಿನ ಕೇಳೋದೇ ಬೇಡ, ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಗೆಣಸು, ಮೇಲೆ ಹುಗ್ಗಿ, ಮಧ್ಯೆ ಮಧ್ಯೆ ಎಳ್ಳು ಬೆಲ್ಲ, ಕಬ್ಬು. ಗ್ಯಾಸ್ ಆಗೋ ಪದಾರ್ಥಗಳನ್ನೆಲ್ಲ ಒಂದೇ ತಟ್ಟೇಲಿ ಹಾಕಿ ಕೊಡಿ ಅಂತ ಯಾರಾದ್ರೂ ಕೇಳಿದ್ರೆ ಸಂಕ್ರಾಂತಿ ಊಟ ಕೊಟ್ಟುಬಿಡಬಹುದು.

ಆಮೇಲೆ ಸಂಜೆ ಆರು ಗಂಟೆಗೆ ಹೊಟ್ಟೆ ಪೂರಿ ತರ ಉಬ್ಬಿರುತ್ತೆ. ಸೀರೆ ಉಟ್ಟೋರು ನೆರಿಗೆ ಸಡಿಲ ಮಾಡ್ಕೋತಾರೆ, ನಮ್ಮನೆಯವರು ಬೆಲ್ಟು ಬಿಚ್ಚಿ ಸೋಫಾ ಮೇಲೆ ಇಡ್ತಾರೆ. ಮಧ್ಯಾಹ್ನ ತಿಂದಿದ್ದಕ್ಕೆ ಸಂಜೆ ಯಾಕೆ ಉಬ್ಬರ ಅಂದ್ರೆ, ಅವರೆ, ಕಡಲೆ, ರಾಜ್ಮಾ ಇಂಥ ಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಅಂತ ಸಕ್ಕರೆ ಜಾತಿಯ ಅಂಶಗಳಿರ್ತವೆ, ಅವನ್ನ ಒಡೆಯೋ ಎನ್‌ಜೈಮ್ ನಮ್ಮ ಸಣ್ಣ ಕರುಳಲ್ಲಿ ಇಲ್ಲ, ಹಾಗಾಗಿ ಅವು ಜೀರ್ಣ ಆಗ್ದೆ ಹಾಗೇ ದೊಡ್ಡ ಕರುಳಿಗೆ ಹೋಗ್ತವೆ, ಅಲ್ಲಿರೋ ಬ್ಯಾಕ್ಟೀರಿಯಾಗಳಿಗೆ ಅದೇ ಹಬ್ಬದೂಟ, ಅವು ತಿಂದು ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಕೆಲವರ ಹೊಟ್ಟೇಲಿ ಮೀಥೇನೂ ಬಿಡ್ತವೆ. ಇಷ್ಟೆಲ್ಲ ಆಗೋಕೆ ಕೆಲವು ಗಂಟೆ ಬೇಕು. ಅದಕ್ಕೇ ಊಟ ಮಾಡಿ ಎದ್ದ ತಕ್ಷಣ ಎಲ್ಲರೂ ಆರಾಮಾಗೇ ಇರ್ತಾರೆ, ಸಂಜೆ ಆಗ್ತಿದ್ದ ಹಾಗೆ ಒಬ್ಬೊಬ್ಬರೇ ಓಂಕಾಳು ಡಬ್ಬಿ ಎಲ್ಲಿ ಅಂತ ಅಡುಗೆಮನೆಗೆ ಬರ್ತಾರೆ.

ನಾನು ಹೇಳಬೇಕು ಅಂತಿರೋದು ಇಷ್ಟೇ, ಈ ಸೀಸನ್ನಲ್ಲಿ ತಪ್ಪು ಬರೀ ಅವರೇದಲ್ಲ, ನಾವು ನೀರೇ ಕುಡಿಯಲ್ಲ. ಬೆಂಗಳೂರಿನ ಡಿಸೆಂಬರ್ ಜನವರಿ ಚಳೀಲಿ ಬಾಯಾರಿಕೆನೇ ಗೊತ್ತಾಗಲ್ಲ, ಬೆಳಗ್ಗೆ ತುಂಬಿಟ್ಟ ಬಾಟಲಿ ಸಂಜೆಗೂ ಹಾಗೇ ಇರುತ್ತೆ, ಬದಲಿಗೆ ಕಾಫಿ ಮೇಲೆ ಕಾಫಿ. ಅದರ ಮೇಲೆ ಹೊಟ್ಟೆ ಉಬ್ಬಿದ್ರೆ ಅಯ್ಯೋ ಜಾಗನೇ ಇಲ್ಲ, ನೀರು ಬೇರೆ ಎಲ್ಲಿ ಹಿಡಿಯುತ್ತೆ ಅಂತ ಇನ್ನೂ ಕಮ್ಮಿ ಮಾಡ್ತೀವಿ. ಆದ್ರೆ ನೀರು ಕಮ್ಮಿ ಆದಾಗ ದೊಡ್ಡ ಕರುಳು ಇರೋ ನೀರನ್ನೆಲ್ಲ ಹೀರಿಕೊಳ್ಳುತ್ತೆ, ಮಲ ಗಟ್ಟಿಯಾಗುತ್ತೆ, ಬೆಳಗ್ಗೆ ಸರಿಯಾಗಿ ಹೋಗಲ್ಲ, ಅದರ ಹಿಂದೆ ಗ್ಯಾಸು ಸಿಕ್ಕಾಕ್ಕೊಂಡು ಕೂತಿರುತ್ತೆ. ಕಾಳಲ್ಲಿ ನಾರು ಜಾಸ್ತಿ, ನಾರು ತಿಂದೋರು ನೀರು ಜಾಸ್ತಿ ಕುಡೀಬೇಕು, ನಾವು ಮಾಡೋದು ಉಲ್ಟಾ. ಹಾಗಾಗಿ ನಮ್ಮನೇಲಿ ಸೀಸನ್ ಪೂರ್ತಿ ಒಂದು ದೊಡ್ಡ ಫ್ಲಾಸ್ಕಲ್ಲಿ ಜೀರಿಗೆ ನೀರು ಡೈನಿಂಗ್ ಟೇಬಲ್ ಮೇಲೆ ಇರುತ್ತೆ. ಜೀರಿಗೆ ಕೆಲಸ ಮಾಡುತ್ತೋ ಬಿಡುತ್ತೋ, ಬೆಚ್ಚಗೆ ಘಮ ಘಮ ಅನ್ನುತ್ತೆ ಅಂತಾದ್ರೂ ಜನ ನೀರು ಕುಡೀತಾರಲ್ಲ, ನನಗೆ ಅರ್ಧ ಕೆಲಸ ಅಲ್ಲೇ ಆಯ್ತು.

ಮಾಡೋದು ಏನೂ ದೊಡ್ಡ ವಿದ್ಯೆ ಅಲ್ಲ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಜೀರಿಗೆ, ಅರ್ಧ ಟೀ ಚಮಚ ಓಂಕಾಳು, ಬೆರಳಿನ ಒಂದು ಗೆಣ್ಣಿನಷ್ಟು ಹಸಿಶುಂಠಿ. ಜೀರಿಗೆ ಓಂಕಾಳನ್ನ ಎಣ್ಣೆ ಹಾಕದೆ ಬಾಣಲೇಲಿ ಸಣ್ಣ ಉರೀಲಿ ಸುಮ್ನೆ ಬೆಚ್ಚಗೆ ಮಾಡಿ, ವಾಸನೆ ಬಂದ ತಕ್ಷಣ ಇಳಿಸಿ, ಕಪ್ಪಾದ್ರೆ ನೀರು ಕಹಿ ಬರುತ್ತೆ. ಶುಂಠಿ ಜಜ್ಜಿ. ನೀರು ಕುದಿ ಬಂದ ಮೇಲೆ ಎಲ್ಲಾನೂ ಹಾಕಿ, ಐದು ನಿಮಿಷ ಸಣ್ಣ ಉರೀಲಿ ಬಿಟ್ಟು, ಒಲೆ ಆರಿಸಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಮುಟ್ಟಬೇಡಿ. ಮುಚ್ಚೋದು ಮುಖ್ಯ ಕಣ್ರೀ, ಯಾಕಂದ್ರೆ ಇವುಗಳ ಗುಣ ಇರೋದೇ ಆ ವಾಸನೆ ಎಣ್ಣೇಲಿ, ಓಂಕಾಳಿನಲ್ಲಿ ಥೈಮಾಲ್ ಅಂತ ಇದೆ, ಗಂಟಲಿಗೆ ಚುರ್ ಅನ್ನೋದು ಅದೇ, ಮುಚ್ಚದೆ ಬಿಟ್ರೆ ಅದು ಹಬೇಲಿ ಹೋಗಿ ಅಡುಗೆಮನೆ ಘಮ್ಮನ್ನುತ್ತೆ, ನಿಮ್ಮ ಲೋಟದಲ್ಲಿ ಬಣ್ಣದ ನೀರು ಉಳಿಯುತ್ತೆ. ಆಮೇಲೆ ಸೋಸಿ ಫ್ಲಾಸ್ಕಿಗೆ ಹಾಕಿ. ಸೋಸಿ ಉಳಿದ ಜೀರಿಗೆ ಶುಂಠೀನ ನಾನು ಎಸೆಯಲ್ಲ, ರಾತ್ರಿ ತಿಳಿಸಾರಿಗೆ ಹೋಗುತ್ತೆ.

ಓಂಕಾಳು ಜಾಸ್ತಿ ಹಾಕಬೇಡಿ, ಅರ್ಧ ಚಮಚ ಅಂದ್ರೆ ಅರ್ಧ ಚಮಚನೇ. ಒಳ್ಳೇದು ಅಂತ ಒಂದೂವರೆ ಚಮಚ ಸುರಿದ್ರೆ ಎದೆ ಉರಿ ಶುರುವಾಗುತ್ತೆ, ಮಕ್ಕಳಂತೂ ಬಾಯಿಗೆ ಹಾಕಿ ಉಗುಳ್ತಾರೆ. ಉಪ್ಪಿನ ಬಗ್ಗೆ ನಾನು ತುಂಬಾ ಸ್ಟ್ರಿಕ್ಟು, ಲೀಟರಿಗೆ ಒಂದೇ ಚಿಟಿಕೆ, ಬಿಪಿ ಇರೋರ ಲೋಟಕ್ಕೆ ಅದೂ ಇಲ್ಲ. ಉಪ್ಪು ಮೈಯಲ್ಲಿ ನೀರು ಹಿಡ್ಕೊಳ್ಳುತ್ತೆ, ಬೆರಳು ಉಂಗುರ ಬಿಗಿ ಅನ್ಸೋದು, ಮುಖ ದಪ್ಪ ಅನ್ಸೋದು ಎಷ್ಟೋ ಸಲ ಅದಕ್ಕೇನೇ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ದಿನಕ್ಕೆ 5 ಗ್ರಾಮಿಗಿಂತ ಕಮ್ಮಿ ಉಪ್ಪು ಅಂತ ಹೇಳುತ್ತೆ, ಅಂದ್ರೆ ಹೆಚ್ಚೂ ಕಮ್ಮಿ ಒಂದು ಟೀ ಚಮಚ, ನಮ್ಮ ಸಾರು ಪಲ್ಯ ಉಪ್ಪಿನಕಾಯಿ ಹಪ್ಪಳದಲ್ಲೇ ಅದು ಮುಗಿದು ಮೇಲೆ ಹೋಗಿರುತ್ತೆ. ಹೊಟ್ಟೆ ಉಬ್ಬರಕ್ಕೆ ಅಂತ ಮಾಡಿದ ನೀರಿಗೆ ಬ್ಲಾಕ್ ಸಾಲ್ಟು ಚಮಚಗಟ್ಟಲೆ ಹಾಕೋದು ಯಾವ ನ್ಯಾಯ. ಸಕ್ಕರೆ, ಜೇನುತುಪ್ಪ ಎರಡೂ ಬೇಡ, ಜೇನುತುಪ್ಪದಲ್ಲಿ ಫ್ರಕ್ಟೋಸ್ ಜಾಸ್ತಿ, ಕೆಲವರಿಗೆ ಅದರಿಂದಲೇ ಗ್ಯಾಸ್ ಆಗುತ್ತೆ. ನಿಂಬೆಹಣ್ಣು ಬೇಕು ಅನ್ನೋರು ಲೋಟಕ್ಕೆ ಹಾಕ್ಕೊಂಡ ಮೇಲೆ ನಾಲ್ಕು ಹನಿ ಹಿಂಡ್ಕೊಳ್ಳಿ.

ಒಂದು ವಿಷಯ, ಇದು ಓಆರ್‌ಎಸ್ ಅಲ್ಲ. ಭೇದಿ ಆದಾಗ ಜೀರಿಗೆ ನೀರು ಕೊಟ್ಟು ಕೂತ್ಕೋಬೇಡಿ, ಅಲ್ಲಿ ಉಪ್ಪು ಗ್ಲೂಕೋಸ್ ಲೆಕ್ಕ ಸರಿಯಾಗಿ ಇರಬೇಕು, ಮೆಡಿಕಲ್ ಸ್ಟೋರಲ್ಲಿ ಪ್ಯಾಕೆಟ್ ಸಿಗುತ್ತೆ, ಅದನ್ನೇ ತನ್ನಿ.

ಕುಡಿಯೋ ರೀತಿ ಬಗ್ಗೆ ನಮ್ಮತ್ತೆ ಹೇಳೋದು, ಲೋಟ ಎತ್ತಿ ಗಟಗಟ ಕುಡೀಬೇಡಿ, ಕೂತ್ಕೊಂಡು ಒಂದೊಂದೇ ಗುಟುಕು ಕುಡೀರಿ ಅಂತ. ಮೊದಲು ಇದೆಲ್ಲ ಹಳೇ ಕಾಲದ ಮಾತು ಅನ್ಕೋತಿದ್ದೆ, ಆದ್ರೆ ಅದರಲ್ಲಿ ಅರ್ಥ ಇದೆ, ಗಟಗಟ ಕುಡಿಯುವಾಗ ನೀರಿನ ಜೊತೆ ಗಾಳೀನೂ ನುಂಗ್ತೀವಿ, ಸ್ಟ್ರಾ ಹಾಕಿ ಹೀರಿದ್ರೂ ಅದೇ, ಚ್ಯೂಯಿಂಗ್ ಗಮ್ ಅಗೀತಾ ಇದ್ರೂ ಅದೇ. ನಾನು ಬೆಳಗ್ಗೆ ಹನ್ನೊಂದಕ್ಕೆ ಒಂದು ಲೋಟ, ಊಟ ಆಗಿ ಒಂದು ಗಂಟೆ ಬಿಟ್ಟು ಒಂದು, ಸಂಜೆ ಒಂದು ಹೀಗೆ ಕುಡೀತೀನಿ. ಜೊತೆಗೆ ಊಟ ಆದ್ಮೇಲೆ ಲೇಔಟಲ್ಲಿ ಎರಡು ಸುತ್ತು ನಡೀತೀವಿ. ನಿಜ ಹೇಳ್ಬೇಕು ಅಂದ್ರೆ ಜೀರಿಗೆ ನೀರಿಗಿಂತ ಆ ನಡಿಗೆಗೇ ನಾನು ಜಾಸ್ತಿ ಮಾರ್ಕ್ಸ್ ಕೊಡ್ತೀನಿ, ಗ್ಯಾಸು ಮುಂದೆ ಸಾಗಬೇಕು ಅಂದ್ರೆ ಮೈ ಅಲ್ಲಾಡಬೇಕು, ಸೋಫಾ ಮೇಲೆ ಮಲಗಿ ಸೀರಿಯಲ್ ನೋಡ್ತಾ ಇದ್ರೆ ಯಾವ ನೀರು ಏನು ಮಾಡೀತು.

ಮಗಳು ರೀಲ್ಸ್ ತೋರಿಸ್ತಾಳೆ, ರಾತ್ರಿ ಇಡೀ ಸೌತೆಕಾಯಿ ನಿಂಬೆಹಣ್ಣು ಪುದೀನ ಚಿಯಾ ಬೀಜ ನೆನೆಸಿಟ್ಟ ನೀರು, ಡೀಟಾಕ್ಸ್ ಅಂತೆ, ಮೂರೇ ದಿನಕ್ಕೆ ಹೊಟ್ಟೆ ಚಪ್ಪಟೆ ಅಂತೆ. ಮೈಯಲ್ಲಿರೋ ಕಸ ತೆಗೆಯೋಕೆ ಲಿವರ್ರು ಕಿಡ್ನಿ ಇದಾವೆ, ಸೌತೆಕಾಯಿ ನೀರು ಬೇಕಿಲ್ಲ. ಕುಡಿಯೋಕೆ ಚೆನ್ನಾಗಿದ್ರೆ ಕುಡೀಲಿ ಬಿಡಿ, ಅದೂ ನೀರೇ ಅಲ್ವಾ. ಆದ್ರೆ ಚಿಯಾ ಬೀಜ ಒಂದೇ ದಿನ ಎರಡು ಚಮಚ ತಿಂದ್ರೆ ನಾರು ಜಾಸ್ತಿಯಾಗಿ ಉಬ್ಬರ ಇನ್ನೂ ಏರುತ್ತೆ, ಅದನ್ನ ರೀಲ್ಸಲ್ಲಿ ಹೇಳಲ್ಲ. ನಮ್ಮನೆಯವರದು ಇನ್ನೊಂದು ಪಂಥ, ಅವರಿಗೆ ಗೋಲಿ ಸೋಡಾನೇ ಔಷಧಿ. ಸೋಡಾ ಕುಡಿದು ಡರ್ ಅಂತ ತೇಗಿದ್ರೆ ನೋಡು ಹೋಯ್ತು ಅಂತಾರೆ. ಹೋಗಿದ್ದು ಈಗ ತಾನೇ ಒಳಗೆ ಹಾಕಿದ ಸೋಡಾ ಗ್ಯಾಸೇ ಕಣ್ರೀ, ಮೇಲಿನ ಹೊಟ್ಟೇದು, ಕರುಳಲ್ಲಿರೋದು ಅಲ್ಲೇ ಇದೆ ಅಂದ್ರೆ ಕೇಳಲ್ಲ. ಈನೋ ಕತೇನೂ ಅದೇ, ಅಡುಗೆ ಸೋಡಾ ಮತ್ತೆ ಸಿಟ್ರಿಕ್ ಆಸಿಡ್ ಸೇರಿ ಬುರುಗು, ಆಸಿಡಿಟಿಗೆ ಯಾವಾಗ್ಲೋ ಒಮ್ಮೆ ಸರಿ, ಅದರಲ್ಲೂ ಸೋಡಿಯಂ ಜಾಸ್ತಿ ಇರೋದ್ರಿಂದ ಬಿಪಿ ಮಾತ್ರೆ ನುಂಗೋರು ದಿನಾ ಕುಡಿಯೋ ಪಾನೀಯ ಅಂತೂ ಅಲ್ಲವೇ ಅಲ್ಲ.

ಬೇಸಿಗೇಲಿ ಫ್ಲಾಸ್ಕ್ ಒಳಗೆ ಹೋಗುತ್ತೆ, ನೀರು ಮಜ್ಜಿಗೆ ಹೊರಗೆ ಬರುತ್ತೆ. ರಾಮನವಮಿಗೆ ಬೀದಿ ಬೀದೀಲಿ ಪೆಂಡಾಲ್ ಹಾಕಿ ಪಾನಕದ ಪಕ್ಕದಲ್ಲಿ ಕೊಡ್ತಾರಲ್ಲ, ಆ ತರ ನೀರು ನೀರಾಗಿರೋದು, ದಪ್ಪ ಲಸ್ಸಿ ತರದ್ದಲ್ಲ. ಒಂದು ಲೋಟ ಮೊಸರಿಗೆ ನಾಲ್ಕು ಲೋಟ ನೀರು, ಕಡೆಗೋಲಲ್ಲಿ ಚೆನ್ನಾಗಿ ಕಡೆದು, ಜಜ್ಜಿದ ಶುಂಠಿ, ಕರಿಬೇವು, ಕೊತ್ತಂಬರಿ ಸೊಪ್ಪು, ಹುರಿದು ಪುಡಿ ಮಾಡಿದ ಜೀರಿಗೆ, ಇಂಗು. ಹಸಿಮೆಣಸಿನಕಾಯಿ ಹೊಟ್ಟೆ ಸರಿ ಇಲ್ಲದ ದಿನ ಬಿಟ್ಟುಬಿಡಿ. ಹಾಲು ಆಗಿಬರದ ಎಷ್ಟೋ ಜನಕ್ಕೆ ಮಜ್ಜಿಗೆ ಆಗಿಬರುತ್ತೆ, ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಹಾಲಿನ ಲ್ಯಾಕ್ಟೋಸ್ ಒಂದಷ್ಟನ್ನ ಲ್ಯಾಕ್ಟಿಕ್ ಆಸಿಡ್ ಮಾಡಿರ್ತವೆ, ಮೇಲೆ ನಾಲ್ಕು ಪಟ್ಟು ನೀರು ಬೇರೆ. ಪೂರ್ತಿ ಹೋಗಿರಲ್ಲ ಆದ್ರೆ, ಹಾಗಾಗಿ ಮಜ್ಜಿಗೆ ಕುಡಿದಾಗಲೂ ಉಬ್ಬರಿಸುತ್ತೆ ಅನ್ನೋರು ಜೀರಿಗೆ ನೀರಿಗೇ ಅಂಟ್ಕೊಳ್ಳಿ. ಹೊರಗಡೆ ಇದ್ದಾಗ ನಂದಿನಿ ಮಸಾಲ ಮಜ್ಜಿಗೆ ಪ್ಯಾಕೆಟ್ ಪರವಾಗಿಲ್ಲ, ಮನೆ ಮಜ್ಜಿಗೆಗಿಂತ ಉಪ್ಪು ಖಾರ ಸ್ವಲ್ಪ ಮುಂದೆ ಅಷ್ಟೇ.

ಇಂಗಿನ ಬಗ್ಗೆ ಒಂದು ಮಾತು ಹೇಳಿಬಿಡ್ತೀನಿ. ಇಂಗು ತೆಂಗು ಇದ್ರೆ ಮಂಗನೂ ಅಡುಗೆ ಮಾಡುತ್ತೆ ಅಂತಾರಲ್ಲ, ಆ ಇಂಗು ನಮ್ಮ ದೇಶದಲ್ಲಿ ಬೆಳೀತಾನೇ ಇರಲಿಲ್ಲ, ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರ್ತಿತ್ತು, ಈಗಲೂ ಬರೋದು ಹೆಚ್ಚಾಗಿ ಅಲ್ಲಿಂದಲೇ. 2020ರ ಅಕ್ಟೋಬರಲ್ಲಿ ಹಿಮಾಚಲದ ಲಾಹೌಲ್ ಕಣಿವೇಲಿ ಪಾಲಂಪುರದ ಸಿಎಸ್‌ಐಆರ್ ಸಂಸ್ಥೆಯವರು ಇಂಗಿನ ಗಿಡ ನೆಟ್ಟು ಬೆಳೆಸೋಕೆ ಶುರು ಮಾಡಿದ್ರು. ಗಿಡದ ಬೇರಿನಿಂದ ಬರೋ ಅಂಟು ಅದು, ವಿಪರೀತ ಘಾಟು, ಅದಕ್ಕೇ ನಾವು ತರೋ ಡಬ್ಬಿ ಇಂಗಲ್ಲಿ ಗೋಧಿ ಅಥವಾ ಅಕ್ಕಿ ಹಿಟ್ಟು, ಗೋಂದು ಬೆರೆಸಿರ್ತಾರೆ. ಗೋಧಿ ಆಗಿಬರದೋರು ಡಬ್ಬಿ ತಿರುಗಿಸಿ ಓದಿ ತಗೊಳ್ಳಿ. ನಾನು ಗಟ್ಟಿ ಇಂಗು ತಂದು ಚೂರು ನೀರಲ್ಲಿ ನೆನೆಸಿ ಆ ನೀರನ್ನ ಮಜ್ಜಿಗೆಗೆ ಹಾಕ್ತೀನಿ. ಮಕ್ಕಳು ಕೂಸಾಗಿದ್ದಾಗ ಹೊಟ್ಟೆ ಬಿಗಿದು ಅತ್ರೆ ನಮ್ಮತ್ತೆ ಹೊಕ್ಕಳ ಸುತ್ತ ಇಂಗು ತೇದು ಹಚ್ತಿದ್ರು, ಕೂಸು ಸುಮ್ಮನಾಗ್ತಿದ್ದಿದ್ದು ಇಂಗಿಗೋ ಆ ಬೆಚ್ಚಗಿನ ಕೈಗೋ, ನನ್ನ ಓಟು ಕೈಗೇ.

ಎಳನೀರು ಕೇಳ್ತಾರೆ ಕೆಲವರು. ಮದ್ದೂರು ದಾಟುವಾಗೆಲ್ಲ ನಿಲ್ಲಿಸಿ ಕುಡಿಯೋಳು ನಾನು, ಆದ್ರೆ ಉಬ್ಬರಕ್ಕೆ ಅದೇ ಬೇಕು ಅಂತೇನಿಲ್ಲ, ಪೊಟ್ಯಾಶಿಯಂ ಜಾಸ್ತಿ ಇರೋದ್ರಿಂದ ಕಿಡ್ನಿ ತೊಂದರೆ ಇರೋರಂತೂ ಡಾಕ್ಟರನ್ನ ಕೇಳದೆ ಕುಡೀಬಾರದು. ಪುದೀನ ನೀರು ಹೊಟ್ಟೆ ಹಿಡ್ಕೊಂಡಿದ್ದಕ್ಕೆ ಒಳ್ಳೇದು, ಆದ್ರೆ ಹುಳಿತೇಗು ಎದೆಯುರಿ ಇರೋರಿಗೆ ಅದು ಜಾಸ್ತಿ ಮಾಡಬಹುದು, ಅನ್ನನಾಳದ ಕೆಳಗಿನ ಬಾಗಿಲು ಸಡಿಲ ಆಗುತ್ತಲ್ಲ ಅದಕ್ಕೆ. ಇನ್ನು ಅಡುಗೆ ಕಡೆಯಿಂದಲೂ ಸ್ವಲ್ಪ ಕಮ್ಮಿ ಮಾಡಬಹುದು, ಒಣ ಕಾಳನ್ನ ರಾತ್ರಿ ನೆನೆಸಿ ಆ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸಿದ್ರೆ ಗ್ಯಾಸ್ ಮಾಡೋ ಸಕ್ಕರೆ ಒಂದಷ್ಟು ನೀರಿನ ಜೊತೇನೇ ಹೋಗುತ್ತೆ. ಹಿತಕಿದ ಅವರೆ ಹಿತಕೋಕೆ ಹೇಗೂ ನೆನೆಸ್ತೀವಿ, ಮನೆಮಂದಿಯೆಲ್ಲ ಕೂತು ಹಿತಕೋ ಆ ಒಂದು ಗಂಟೇಲಿ ಯಾರ ಮನೆ ಮದುವೆ ಮುರೀತು ಅನ್ನೋದೂ ಗೊತ್ತಾಗುತ್ತೆ.

ಈ ಮಾತು ಸೀರಿಯಸ್ಸು. ಎಲ್ಲಾದಕ್ಕೂ ಗ್ಯಾಸು ಅನ್ನೋ ಚಟ ನಮಗೆ. ಎದೆ ಹಿಂಡಿದ ಹಾಗಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹೋಗ್ತಿದ್ರೆ ಜೀರಿಗೆ ಕುದಿಸ್ತಾ ನಿಲ್ಲಬೇಡಿ, ಆಸ್ಪತ್ರೆಗೆ ಹೊರಡಿ, ಇಸಿಜಿ ಮಾಡಿಸೋಕೆ ಎಷ್ಟು ಹೊತ್ತು. ಉಬ್ಬರ ವಾರಗಟ್ಟಲೆ ದಿನಾ ಇದ್ರೆ, ತೂಕ ಇಳೀತಾ ಇದ್ರೆ, ಮಲದಲ್ಲಿ ರಕ್ತ ಕಂಡ್ರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾದ್ರೆ ತೋರಿಸಿ, ಅದರಲ್ಲೂ ಐವತ್ತು ದಾಟಿದ ಹೆಂಗಸರು ವಯಸ್ಸಾಯ್ತು ಅಂತ ಸುಮ್ಮನಿರ್ತಾರೆ, ಅಂಡಾಶಯದ ಕ್ಯಾನ್ಸರ್ ಕೂಡ ಶುರುವಿನಲ್ಲಿ ಬರೀ ಹೊಟ್ಟೆ ಉಬ್ಬರ ತರ ಇರಬಹುದು. ತಿಂಗಳ ಮುಟ್ಟಿನ ಮುಂಚೆ ಎರಡು ಮೂರು ದಿನ ಉಬ್ಬರಿಸೋದು ಬೇರೆ, ಅದು ಹಾರ್ಮೋನಿನ ಆಟ, ಅದಕ್ಕೆ ಈ ಬೆಚ್ಚಗಿನ ನೀರು ಹಿತ ಅನ್ಸುತ್ತೆ. ಬಸುರಿಯರು ಓಂಕಾಳು ಬಿಟ್ಟು ಬರೀ ಜೀರಿಗೆ ಹಾಕ್ಕೊಳ್ಳಿ, ಅದನ್ನೂ ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ.

ಫ್ಲಾಸ್ಕಲ್ಲಿದ್ದಿದ್ದು ಅವತ್ತಿಗೇ ಮುಗಿಸಿ, ಮಾರನೇ ದಿನಕ್ಕೆ ಒಗರು ಬರುತ್ತೆ. ಹಾಗಂತ ಮುಗಿಸಬೇಕು ಅಂತ ರಾತ್ರಿ ಮಲಗೋ ಹೊತ್ತಲ್ಲಿ ಎರಡು ಲೋಟ ಕುಡೀಬೇಡಿ. ನಮ್ಮತ್ತೆ ಏಳು ಗಂಟೆ ಮೇಲೆ ಅರ್ಧ ಲೋಟಕ್ಕಿಂತ ಮುಟ್ಟಲ್ಲ, ಈ ಚಳೀಲಿ ಎರಡು ಗಂಟೆ ರಾತ್ರಿ ರಗ್ಗು ಸರಿಸಿ ಬಾತ್‌ರೂಮಿಗೆ ಯಾರೇ ಹೋಗ್ತಾರೆ ಅಂತಾರೆ.