ಬಾತುಗಳಿಗೆ ಗೇಣುದ್ದ ನೀರು

"ಬ್ಯಾಟಿ ಆಡೋ ಮಂದಿ ಜೋಡಿ ನಿಮಗೇನ್ ಕೆಲಸಾರೀ?" ಅಂತ ನಮ್ಮ ಮನೆಯವಳು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನು ಮೊಟ್ಟೆಯನ್ನೂ ಮುಟ್ಟದವನು. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾಕ್ರಮೆಂಟೊದಿಂದ ಡೇವಿಸ್‌ಗೆ ಹೋಗುವ ಹೆದ್ದಾರಿಯ ಉದ್ದ ಸೇತುವೆ ದಾಟುವಾಗೆಲ್ಲ ಕೆಳಗಿನ ಯೋಲೊ ಬೈಪಾಸ್ ಎನ್ನುವ ತಗ್ಗು ಬಯಲು ಕಣ್ಣಿಗೆ ಬೀಳುತ್ತಿತ್ತು. ಚಳಿಗಾಲದ ಮಳೆಗೆ ನದಿ ಉಕ್ಕಿದರೆ ಊರು ಉಳಿಸಲು ನೀರನ್ನು ಇಲ್ಲಿಗೆ ಬಿಡುತ್ತಾರೆ. ಇದರಲ್ಲೇ ಸುಮಾರು 16,000 ಎಕರೆ ರಾಜ್ಯ ಸರ್ಕಾರದ ವನ್ಯಜೀವಿ ತಾಣ. ಪಕ್ಷಿ ನೋಡುವವರಿಗೂ ಅದೇ, ಬಾತು ಹೊಡೆಯುವವರಿಗೂ ಅದೇ. ಅಕ್ಟೋಬರಿನ ಬೇಟೆ ಸೀಸನ್ನಿಗೆ ಮುಂಚೆ ಶ್ರಮದಾನಕ್ಕೆ ಜನ ಬೇಕೆಂದಾಗ ಹೆಸರು ಕೊಟ್ಟುಬಿಟ್ಟೆ.

ನನ್ನನ್ನು ಜೋಡಿ ಮಾಡಿದ್ದು ಎಪ್ಪತ್ತು ದಾಟಿದ ಒಬ್ಬ ಬೇಟೆಗಾರರ ಜೊತೆ. ಎದೆಮಟ್ಟದ ರಬ್ಬರ್ ಪ್ಯಾಂಟು ತೊಟ್ಟು ಒಡ್ಡಿನ ಮೇಲಿನ ತೂಬಿಗೆ ಇಳಿದೆವು. ತೂಬು ಅಂದರೆ ಕಾಂಕ್ರೀಟಿನ ಪೆಟ್ಟಿಗೆ. ಅದರ ಒಳಗೋಡೆಯ ಸೀಳುಗಳಲ್ಲಿ ಒಂದರ ಮೇಲೊಂದು ಮರದ ಹಲಗೆ ಇಳಿಬಿಟ್ಟಿರುತ್ತಾರೆ. ಹಲಗೆ ಏರಿಸಿದರೆ ನೀರು ನಿಲ್ಲುತ್ತದೆ, ತೆಗೆದರೆ ಹರಿದುಹೋಗುತ್ತದೆ. ಬಾಯಿಗೆ ಸಿಕ್ಕಿಕೊಂಡಿದ್ದ ಜೊಂಡು, ಬಳ್ಳಿ, ಕೊಳೆತ ಎಲೆಗಳನ್ನು ಕೈಯಲ್ಲೇ ಬಾಚಿ ಎಳೆದೆವು. ಆ ನಾತ ಎರಡು ಸ್ನಾನಕ್ಕೂ ಹೋಗಲಿಲ್ಲ. ಕೊನೆಯ ಹಲಗೆ ಕೂರಿಸುವ ಮುಂಚೆ ಅವರು ಗುರುತು ಹಾಕಿದ ಕೋಲು ಇಳಿಸಿ ಅಳೆದು, "ಇಷ್ಟು ಸಾಕು" ಅಂದರು. ಹೆಚ್ಚುಕಡಿಮೆ ಒಂದು ಗೇಣು.

ಇಷ್ಟೇಕೆ ಲೆಕ್ಕಾಚಾರ ಎಂದರೆ, ಇಲ್ಲಿಗೆ ಹೆಚ್ಚಾಗಿ ಬರುವ ಸೂಜಿಬಾಲದ ಬಾತಿನಂಥವು ಮುಳುಗಿ ಮೇಯುವ ಜಾತಿಯಲ್ಲ. ಬಾಲ ಮೇಲೆ ಮಾಡಿ, ಕತ್ತು ಎಟುಕುವಷ್ಟು ಆಳದ ಬೀಜ ಹೆಕ್ಕುತ್ತವೆ. ನೀರು ಮೊಳಕಾಲು ದಾಟಿತೋ, ತಳದಲ್ಲಿ ಎಷ್ಟು ಕಾಳಿದ್ದರೂ ಅವಕ್ಕೆ ಉಪವಾಸವೇ.

ಆ ಕಾಳು ಕೂಡ ತಾನಾಗಿ ಬಂದದ್ದಲ್ಲ. ವಸಂತದಲ್ಲಿ ನೀರು ಇಳಿಸಿ ಕೆಸರನ್ನು ಬಿಸಿಲಿಗೆ ಬಿಟ್ಟರೆ ಹುಲ್ಲು ಮೊಳೆಯುತ್ತದೆ. ಬೇಸಿಗೆಯಲ್ಲಿ ನೀರು ಹಾಯಿಸಿದರೆ ತೆನೆ ಕಟ್ಟುತ್ತದೆ. ಇಲ್ಲಿಯವರು ವಾಟರ್‌ಗ್ರಾಸ್ ಎನ್ನುವ ಹುಲ್ಲಿನ ತೆನೆ ತಿಕ್ಕಿ ನೋಡಿದೆ: ನಮ್ಮ ಊದಲಿನ ಕುಲದ್ದೇ, ಕಾಳು ಮಾತ್ರ ಸಣ್ಣದು. ಜೊಂಡು ಹಬ್ಬಿದ ಕಡೆ ಟ್ರ್ಯಾಕ್ಟರಿಗೆ ಡಿಸ್ಕ್ ಕಟ್ಟಿ ಹೊಡೆಯುತ್ತಾರೆ. ಬಿಸಿಲಿರುವಾಗಲೇ ನೀರು ತುಂಬಿದರೆ ಸೊಳ್ಳೆ, ವೆಸ್ಟ್ ನೈಲ್ ಜ್ವರದ ಭಯ. ತಡಮಾಡಿದರೆ ಉತ್ತರದಿಂದ ಬಂದ ಹಕ್ಕಿಗೆ ಇಳಿಯಲು ಜಾಗವಿಲ್ಲ. ಸೆಂಟ್ರಲ್ ವ್ಯಾಲಿ ಎನ್ನುವ ಈ ಕಣಿವೆಯ ಜವುಗಿನಲ್ಲಿ ನೂರಕ್ಕೆ 90 ಪಾಲಿಗೂ ಹೆಚ್ಚು ಹೊಲವೋ ಊರೋ ಆಗಿಹೋಗಿದೆ. ಉಳಿದದ್ದನ್ನು ಹೀಗೆ ಬೇಸಾಯ ಮಾಡಿಯೇ ಕಾಯಬೇಕು.

ಮಧ್ಯಾಹ್ನ ಹಳೆಯ ಖಾಲಿ ತೋಟಾ ಆರಿಸಿದೆವು. ಬಾತು ಬೇಟೆಗೆ ಸೀಸದ ಚರೆ ದೇಶದಾದ್ಯಂತ 1991ರಿಂದ ನಿಷೇಧ. ಕೆಸರಿನಲ್ಲಿ ಬಿದ್ದ ಚರೆಯನ್ನು ಹಕ್ಕಿಗಳು ಹರಳೆಂದು ನುಂಗಿ ವಿಷವೇರಿ ಸಾಯುತ್ತಿದ್ದವು. ಈಗ ಉಕ್ಕಿನ ಚರೆ. ಪ್ಲಾಸ್ಟಿಕ್ ಕೊಳವೆಗೆ ಮಾತ್ರ ಇನ್ನೂ ಯಾರೂ ಮದ್ದು ಕಂಡುಹಿಡಿದಿಲ್ಲ!

ಊಟದ ಹೊತ್ತಿಗೆ ನನ್ನ ಪುಳಿಯೋಗರೆಯಲ್ಲಿ ಪಾಲು ತೆಗೆದುಕೊಂಡು ಅವರು ದುಡ್ಡಿನ ಮಾತೆತ್ತಿದರು. ಬಾತು ಬೇಟೆಗಾರ ವರ್ಷಕ್ಕೊಂದು 25 ಡಾಲರಿನ ಡಕ್ ಸ್ಟ್ಯಾಂಪ್, ಅಂದರೆ ಬೇಟೆಗೆ ಬೇಕಾದ ಸರ್ಕಾರಿ ಚೀಟಿ, ಕೊಳ್ಳಲೇಬೇಕು, 1934ರಿಂದ ಬಂದ ನಿಯಮ. ಅದರಲ್ಲಿ ಹೆಚ್ಚೂಕಮ್ಮಿ ಪೂರ್ತಿ ಕೇಂದ್ರದ ಪಕ್ಷಿಧಾಮಗಳಿಗೆ ಜಮೀನು ಹಿಡಿಯಲು ಹೋಗುತ್ತದೆ. ಬಂದೂಕು, ತೋಟಾದ ಮೇಲಿನ ತೆರಿಗೆಯ ಹಣ 1937ರ ಕಾಯಿದೆಯಂತೆ ವನ್ಯಜೀವಿಗಳ ಕೆಲಸಕ್ಕೆಂದು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಕೊಲ್ಲುವ ಕೈಯೇ ಸಾಕುವುದು ನನಗೆ ಇವತ್ತಿಗೂ ಪೂರ್ತಿ ಒಗ್ಗಿಲ್ಲ. ದೂರ್ಬೀನು ಹಿಡಿದು ಬರುವ ನಾವು ಪಾರ್ಕಿಂಗಿಗೂ ಚೌಕಾಸಿ ಮಾಡುತ್ತೇವೆ ಎನ್ನುವುದೂ ಸುಳ್ಳಲ್ಲ.

"ನಿಮ್ಮ ದೇಶದಲ್ಲಿ ಬೇಟೆಯೇ ಇಲ್ಲವಲ್ಲ, ಬಾತುಗಳ ಖರ್ಚು ಯಾರದು?" ಎಂದರು.

ನಮ್ಮ ಶಿರಹಟ್ಟಿ ಕಡೆಯ ಮಾಗಡಿ ಕೆರೆಯ ಕತೆ ಹೇಳಿದೆ. 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜವುಗು ತಾಣಗಳ ಪಟ್ಟಿ, ಸೇರಿದ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಹಗಲು ಅಲ್ಲಿ ತೇಲುತ್ತವೆ, ಕತ್ತಲಾದರೆ ಸುತ್ತಲಿನ ಹೊಲಗಳಿಗೆ ಮೇಯಲು ಹೊರಡುತ್ತವೆ.

"ಹಾಗಾದರೆ ಖರ್ಚೆಲ್ಲ ರೈತನದೇ ಅನ್ನಿ" ಎಂದು ಅವರು ಕೈ ಒರೆಸಿಕೊಂಡರು. ಇನ್ನೂ ಎರಡು ತೂಬು ಬಾಕಿ ಇದ್ದವು.