ಟೀಮ್‌ವರ್ಕ್ ಕೋರ್ಸನ್ನ ಒಬ್ಬೊಬ್ರೇ ಕೂತು ಮುಗಿಸೋದು ಹೇಗೆ ಸ್ವಾಮಿ?

ಈಗ ಕೈಯಲ್ಲಿರೋ ಕೆಲಸ ಅಂದ್ರೆ, ಮನೆಯಿಂದ್ಲೇ ಕೆಲಸ ಮಾಡೋ ಟೀಮ್‌ಗಳಿಗೆ ಟೀಮ್‌ವರ್ಕ್ ಬಗ್ಗೆ ಒಂದು ಆನ್‌ಲೈನ್ ಟ್ರೈನಿಂಗ್ ಕೋರ್ಸ್ ಡಿಸೈನ್ ಮಾಡೋದು. ಕ್ಲೈಂಟ್ ಕಡೆಯಿಂದ ಬಂದಿದ್ದು ಮಾಮೂಲಿ ಬ್ರೀಫು: ಸ್ಲೈಡು, ಮಧ್ಯೆ ಒಂದು ವೀಡಿಯೋ, ಕೊನೇಲಿ ಕ್ವಿಝ್, ಪಾಸಾದ್ರೆ ಸರ್ಟಿಫಿಕೇಟು. ಇಂಥ ಕೋರ್ಸನ್ನ ಜನ ಹೇಗೆ ಮುಗಿಸ್ತಾರೆ ಅಂತ ಬೆಂಗಳೂರಿನ ಯಾವ ಐಟಿಯವ್ರನ್ನ ಬೇಕಾದ್ರೂ ಕೇಳಿ, ಒಂದು ಟ್ಯಾಬಲ್ಲಿ ಮ್ಯೂಟ್ ಮಾಡಿ ಓಡಕ್ಕೆ ಬಿಟ್ಟು ಇನ್ನೊಂದ್ರಲ್ಲಿ ತಮ್ಮ ಕೆಲಸ ಮಾಡ್ಕೊಂಡಿದ್ದು, ನೆಕ್ಸ್ಟ್ ಬಟನ್ ಬಂದಾಗ ಒತ್ತೋದು, ಅಷ್ಟೇ.

ಒಳಗಿರೋ ವಿಷಯಾನೂ ಹಳೇದೇ. ಟೀಮ್ ಬೆಳೆಯೋ ನಾಲ್ಕು ಹಂತ ಅಂತ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಹೇಳಿದ ಫಾರ್ಮಿಂಗ್ (ಒಟ್ಟುಗೂಡೋದು), ಸ್ಟಾರ್ಮಿಂಗ್ (ಜಗಳ ಆಡೋದು), ನಾರ್ಮಿಂಗ್ (ಹೊಂದ್ಕೊಳ್ಳೋದು), ಪರ್ಫಾರ್ಮಿಂಗ್ (ಕೆಲಸ ಸಾಧಿಸೋದು) ಇಲ್ದೆ ಟೀಮ್ ಕೋರ್ಸೇ ಇಲ್ಲ ಅನ್ನೋ ಹಂಗಾಗಿದೆ. ಆದ್ರೆ ಅವರು ನೋಡಿದ್ದರಲ್ಲಿ ಬಹಳಷ್ಟು ಎದುರುಬದುರು ಕೂತು ಮಾತಾಡೋ ಥೆರಪಿ ಗ್ರೂಪ್‌ಗಳು. ನಮಗೆ ಹತ್ತಿರ ಆಗೋದು ಎಂಐಟಿಯ ಥಾಮಸ್ ಆಲನ್ 1970ರ ದಶಕದಲ್ಲಿ ಇಂಜಿನಿಯರ್‌ಗಳನ್ನ ಗಮನಿಸಿ ಹೇಳಿದ್ದು: ಮೇಜುಗಳ ಮಧ್ಯೆ ದೂರ ಜಾಸ್ತಿ ಆದಂಗೆ ಮಾತುಕತೆ ಸರ್ರಂತ ಇಳಿದುಹೋಗತ್ತೆ. ಒಂದೇ ಬಿಲ್ಡಿಂಗಲ್ಲೇ ಹಂಗಾದ್ರೆ, ಒಬ್ರು ಯಲಹಂಕದಲ್ಲಿ, ಒಬ್ರು ಹುಬ್ಬಳ್ಳಿಲಿ, ಮ್ಯಾನೇಜರ್ ನ್ಯೂಯಾರ್ಕಲ್ಲಿ ಇರೋ ಟೀಮ್ ಕಥೆ ಏನು? ನಮಗೆ ಸಂಜೆ 7 ಆದಾಗ ಅಲ್ಲಿ ಚಳಿಗಾಲದಲ್ಲಿ ಬೆಳಿಗ್ಗೆ 8:30, ಬೇಸಿಗೇಲಿ 9:30. ನಾವು ಲ್ಯಾಪ್‌ಟಾಪ್ ಮುಚ್ಚೋ ಹೊತ್ತಿಗೆ ಅವರು ತೆಗೀತಾರೆ, ಮಧ್ಯೆ ಉಳಿಯೋದು ಬರ್ದಿಟ್ಟಿದ್ದು ಮಾತ್ರ.

ಅದಕ್ಕೇ ಕೋರ್ಸಿನ ಮುಕ್ಕಾಲು ಭಾಗ ಬರೆಯೋದಕ್ಕೇ ಇಟ್ಟಿದೀನಿ. ಮೂರು ಜನರ ಗುಂಪು, ಒಬ್ರು ಕೆಲಸ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿ ಒಂದು ನೋಟ್ ಬರ್ದಿಡ್ಬೇಕು, ಇನ್ನೊಬ್ರು ಮಾರನೇ ದಿನ ಆ ನೋಟ್ ಒಂದನ್ನೇ ನೋಡ್ಕೊಂಡು ಮುಂದುವರಿಸ್ಬೇಕು, ಫೋನ್ ಮಾಡೋ ಹಂಗಿಲ್ಲ. "ಪೇಮೆಂಟ್ ಇಶ್ಯೂ ನೋಡ್ತಿದೀನಿ, ಆಲ್ಮೋಸ್ಟ್ ಆಯ್ತು, ಉಳಿದಿದ್ದು ನಾಳೆ" ಅಂತ ಬರೆದ್ರೆ ಮುಂದಿನವರು ತಲೆ ಚಚ್ಕೋಬೇಕು. ಅದನ್ನೇ ಹಿಂಗೆ ತಿದ್ದಿಸ್ತೀವಿ: "ಪೇಮೆಂಟ್ ಫೇಲಾದ್ರೆ ರಿಫಂಡ್ ಮೆಸೇಜ್ ಎರಡೆರಡು ಸಲ ಹೋಗ್ತಿತ್ತು. ಯುಪಿಐಗೆ ಸರಿ ಮಾಡಿ ಟೆಸ್ಟ್ ಸರ್ವರ್‌ಗೆ ಹಾಕಿದೀನಿ. ಕಾರ್ಡ್ ಕಡೆ ಇನ್ನೂ ಮುಟ್ಟಿಲ್ಲ, ಬೆಳಿಗ್ಗೆ ಮೊದ್ಲು ಅದನ್ನ ನೋಡಿ." ಬರೀ "ಹಾಯ್" ಅಂತ ಕಳ್ಸಿ ಅರ್ಧ ಗಂಟೆ ಸುಮ್ನಾಗೋರಿಗೂ ಒಂದು ಚಿಕ್ಕ ಪಾಠ ಇದೆ. ಅದನ್ನ ಬರೆಯೋವಾಗ ಸ್ವಲ್ಪ ಖುಷೀನೇ ಆಯ್ತು ಅನ್ನಿ.

ಕ್ಯಾಮೆರಾ ಯಾವಾಗ್ಲೂ ಆನ್ ಇರ್ಬೇಕು ಅನ್ನೋ ರೂಲ್ ಮಾತ್ರ ನಾನು ಹಾಕಲ್ಲ. ಪಿಜಿಲಿ ಮೂರು ಜನ ಒಂದೇ ರೂಮಲ್ಲಿರೋ ಹುಡುಗಿ ಹಿಂದಿನ ಬಟ್ಟೆ ಒಣಗಿಸೋ ಹಗ್ಗ ನೋಡಿ ಯಾವ ಟೀಮ್‌ವರ್ಕ್ ಬೆಳೆಯತ್ತೆ?

ತಲೆನೋವು ಬಂದಿದ್ದು ಟೆಕ್ನಿಕಲ್ ಕಡೆ. ಇಂಥ ಕೋರ್ಸುಗಳನ್ನ ಸಾಮಾನ್ಯವಾಗಿ ಸ್ಕಾರ್ಮ್ (SCORM) ಅನ್ನೋ ಸ್ಟ್ಯಾಂಡರ್ಡ್ ಫಾರ್ಮ್ಯಾಟಲ್ಲಿ ಪ್ಯಾಕೇಜ್ ಮಾಡಿ ಕೊಡೋದು. ಆ ಪ್ಯಾಕೇಜ್ ಲೆಕ್ಕ ಇಡೋದೇ ಒಬ್ಬೊಬ್ರದ್ದು, ಮುಗಿಸಿದ್ರಾ, ಎಷ್ಟು ಸ್ಕೋರು, ಎಷ್ಟು ಹೊತ್ತು ಕೂತ್ರು ಅಂತ. ಗುಂಪು ಅನ್ನೋದಕ್ಕೆ ಅದ್ರಲ್ಲಿ ಜಾಗಾನೇ ಇಲ್ಲ. ಹಂಗಾಗಿ ಗುಂಪಿನ ಕೆಲಸ ಎಲ್ಲಾ ಮೂಡಲ್ (Moodle) ಅನ್ನೋ ಆನ್‌ಲೈನ್ ಕಲಿಕೆ ಸಾಫ್ಟ್‌ವೇರ್‌ಗೆ ಹಾಕಿದ್ವಿ, ಅಲ್ಲಿ ಗ್ರೂಪ್ ಮಾಡ್ಬೋದು, ಒಬ್ರು ಬರೆದಿದ್ದನ್ನ ಇನ್ನೊಬ್ರು ನೋಡಿ ಮಾರ್ಕ್ಸೂ ಕೊಡ್ಬೋದು.

ಕ್ಲೈಂಟ್ ಕಡೆ ಎಚ್‌ಆರ್ ಮೇಡಂಗೆ ಇದ್ರಿಂದ ಗಾಬರಿ. "ಗುಂಪಲ್ಲಿ ಒಬ್ರು ರಜಾ ಹಾಕ್ಬಿಟ್ರೆ ಇನ್ನಿಬ್ರದ್ದೂ ನಿಂತೋಗಲ್ವಾ?" ಅಂದ್ರು.

"ಆಫೀಸ್ ಕೆಲಸದಲ್ಲಿ ರಜಾ ಹಾಕಿದ್ರೆ ಏನ್ಮಾಡ್ತಾರೆ ಮೇಡಂ? ನೋಟ್ ನೋಡ್ಕೊಂಡು ಇನ್ನೊಬ್ರು ಎತ್ಕೋತಾರೆ, ಇಲ್ಲೂ ಅದೇ ಆಗ್ಲಿ" ಅಂದೆ.

ಒಪ್ಕೊಂಡ್ರು, ಕ್ವಿಝ್ ಕೂಡ ತೆಗೆದ್ವಿ, ಈಗ ಮಾರ್ಕ್ಸ್ ಇರೋದು ನೋಟ್ ಓದಿದವರು ವಾಪಸ್ ಎಷ್ಟು ಪ್ರಶ್ನೆ ಕೇಳ್ಬೇಕಾಯ್ತು ಅನ್ನೋದ್ರ ಮೇಲೆ, ಕಮ್ಮಿ ಕೇಳಿದಷ್ಟೂ ಬರೆದವರಿಗೆ ಜಾಸ್ತಿ. ಸರ್ಟಿಫಿಕೇಟಲ್ಲಿ ಮೂರೂ ಜನರ ಹೆಸರು ಒಟ್ಟಿಗೆ ಬರ್ಲಿ ಅಂತಾನೂ ಕೇಳಿದೀನಿ, ಅಪ್ರೈಸಲ್ ಫೈಲಿಗೆ ಹೇಗೆ ಹಾಕೋದು ಅಂತ ಅವರಲ್ಲೇ ಇನ್ನೂ ಚರ್ಚೆ ನಡೀತಿದೆ.