ಲಾಸ್ ಪಾಲ್ಮಾಸ್‌ನಿಂದ ಮಿಂದೆಲೊ: ವಾಲುವ ಹಡಗಿನಿಂದ ಕಡಲ ಅಳತೆ

ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೇಪ್ ವರ್ಡ್‌ನ ಮಿಂದೆಲೊಗೆ ನೇರ ಹೋದರೆ ಸುಮಾರು 850 ನಾಟಿಕಲ್ ಮೈಲಿ. ಈಶಾನ್ಯ ವಾಣಿಜ್ಯ ಮಾರುತ ಉದ್ದಕ್ಕೂ ಬೆನ್ನಿಗಿರುತ್ತದೆ. ಹಾಯಿ ಬಿಚ್ಚಿದವರಿಗೆ ಇದಕ್ಕಿಂತ ಸುಖದ ದಾರಿಯಿಲ್ಲ. ಗಾಳಿಯನ್ನೇ ಅಳೆಯಲು ಹೊರಟವರಿಗೆ ಇದಕ್ಕಿಂತ ತಲೆನೋವಿನ ದಾರಿಯೂ ಇಲ್ಲ. 15 ನಾಟ್ (ಗಂಟೆಗೆ 15 ನಾಟಿಕಲ್ ಮೈಲಿ) ಗಾಳಿಯ ಜೊತೆ ಹಡಗು 7 ನಾಟ್‌ನಲ್ಲಿ ಓಡಿದರೆ ಹಡಗಿನ ಮೇಲೆ ಬೀಸುವುದು 8 ನಾಟ್ ಮಾತ್ರ, ಅದೂ ಹಿಂದಿನಿಂದ. ಅಡುಗೆಮನೆಯ ಆವಿ, ಬ್ಯಾಟರಿ ತುಂಬಿಸುವ ಜನರೇಟರಿನ ಹೊಗೆ ಎಲ್ಲವನ್ನೂ ಹೊತ್ತುಕೊಂಡೇ ಅದು ಗಾಳಿಯ ಮಾದರಿ ಎಳೆಯಲು ಮುಂದಿಟ್ಟಿರುವ ಕೊಳವೆಯ ಬಾಯಿಗೆ ಬರುತ್ತದೆ. ಹಾಯಿಹಡಗೆಂದರೆ ಶುದ್ಧ ಗಾಳಿ ಎಂಬ ಪ್ರಚಾರ ಇಲ್ಲಿ ಅರ್ಧ ಮಾತ್ರ ನಿಜ. ಗಾಳಿ ಹಿಂದಿನಿಂದ ಬಂದಾಗಲೆಲ್ಲ ಪಂಪ್ ತಾನಾಗಿಯೇ ನಿಲ್ಲುವಂತೆ ಜೋಡಿಸಿರುತ್ತಾರೆ. ಹಾಗಾಗಿ ಮೊದಲ ದಿನಗಳ ಧೂಳಿನ ಫಿಲ್ಟರ್‌ಗಳು ಬಹುತೇಕ ಬೆಳ್ಳಗೇ ಉಳಿದವು. ಆ ದಿನಗಳ ಬಗ್ಗೆ ಹೇಳುವಂಥದ್ದು ಬೇರೇನಿಲ್ಲ.

21 ಡಿಗ್ರಿ ಉತ್ತರದ ಬಳಿ ಪೂರ್ವಕ್ಕೆ ತಿರುಗಿ ಆಫ್ರಿಕಾದ ಪಶ್ಚಿಮ ಕರಾವಳಿಯ ಕೇಪ್ ಬ್ಲಾಂಕ್ ಕಡೆ ಹೊರಟಾಗ ಲೆಕ್ಕ ಬದಲಾಯಿತು. ಈ ಕರಾವಳಿಯಲ್ಲಿ ಗಾಳಿ ಮೇಲ್ನೀರನ್ನು ದಡದಿಂದಾಚೆಗೆ ಸರಿಸುತ್ತದೆ, ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಅದರಲ್ಲಿ ಪೋಷಕಾಂಶವೂ ಹೆಚ್ಚು, ಕರಗಿದ ಇಂಗಾಲದ ಡೈಆಕ್ಸೈಡೂ ಹೆಚ್ಚು. ಗಾಢ ನೀಲಿ ನೀರು ಹಸಿರಿಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಗಾಳಿ ಈಗ ಎಡ ಮುಂಬದಿಯಿಂದ ಬರುತ್ತಿತ್ತು, ಹಾಗಾಗಿ ಶುದ್ಧ. ಆದರೆ ಹಡಗು ಬಲಕ್ಕೆ ವಾಲಿತು. ಅಳತೆಗೆ ಕಡಲ ನೀರೆಳೆಯುವ ತೂತು ಇದ್ದದ್ದು ಎಡಬದಿಯಲ್ಲಿ.

ತೂತಿನಿಂದ ಬಂದ ನೀರು ಜರಡಿ, ಗುಳ್ಳೆ ಬೇರ್ಪಡಿಸುವ ಪಾತ್ರೆ, ಉಷ್ಣತೆ-ಲವಣಾಂಶದ ಮಾಪಕ ದಾಟಿ ಒಂದು ಮುಚ್ಚಿದ ಪಾತ್ರೆಯೊಳಗೆ ಸಿಂಪಡಣೆಯಾಗುತ್ತದೆ. ಅಲ್ಲಿ ನೀರೂ ಅದರ ಮೇಲಿನ ಗಾಳಿಯೂ ಸಮಸ್ಥಿತಿಗೆ ಬರುತ್ತವೆ; ಆ ಗಾಳಿಯನ್ನು ಒಣಗಿಸಿ, ಇಂಗಾಲದ ಡೈಆಕ್ಸೈಡ್ ಅಳೆಯುವ ಅವಗೆಂಪು ಮಾಪಕಕ್ಕೆ ಕಳಿಸುತ್ತಾರೆ. ಅಲೆಯ ಇಳಿತದಲ್ಲಿ ತೂತು ನೀರಿನಿಂದ ಮೇಲೆದ್ದರೆ ಪಂಪ್ ಗಾಳಿ ನುಂಗುತ್ತದೆ, ನೀರಿನ ಹರಿವು ಕುಸಿಯುತ್ತದೆ, ಲವಣಾಂಶದ ಗೆರೆ ಚೂಪಾಗಿ ಕೆಳಗೆ ಬೀಳುತ್ತದೆ. ನಿಧಾನವಾದ ನೀರು ಕೊಳವೆಯಲ್ಲೇ ಬಿಸಿಯಾಗುವುದು ಇನ್ನೂ ಕೆಟ್ಟದ್ದು. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನೀರಿನ ಇಂಗಾಲದ ಡೈಆಕ್ಸೈಡ್ ಒತ್ತಡ ಶೇ 4.23ರಷ್ಟು ಏರುತ್ತದೆ. 400 ಮೈಕ್ರೋಅಟ್ಮಾಸ್ಫಿಯರ್ (ವಾಯುಮಂಡಲದ ಒತ್ತಡದ ಹತ್ತು ಲಕ್ಷದಲ್ಲಿ 400 ಪಾಲು) ಇರುವಲ್ಲಿ ಅದು ಸುಮಾರು 17. ಬೇಕಾದ ನಿಖರತೆಯೋ 2! ಆದ್ದರಿಂದ ತೂತಿನ ಬಾಯಲ್ಲೊಂದು, ಪಾತ್ರೆಯೊಳಗೊಂದು, ಎರಡು ಥರ್ಮಾಮೀಟರ್ ಇರಲೇಬೇಕು. ಒಂದೇ ಸಾಕೆನ್ನುವವರ ಅಂಕಿಗಳನ್ನು ನಂಬುವುದು ಬೇಡ.

ಇಲ್ಲಿಯೇ ಕಪ್ತಾನರಿಗೂ ರಸಾಯನ ವಿಜ್ಞಾನಿಗೂ ಮಾತು ಹತ್ತಿತು.

"ತೂತನ್ನು ಹಡಗಿನ ತಳದ ನಡುಬೆನ್ನಿನ ಪಕ್ಕ ಕೊರೆಯಬೇಕಿತ್ತು," ಎಂದರು ವಿಜ್ಞಾನಿ.

"ಕೊರೆಯಲು ಹಡಗನ್ನು ದಡಕ್ಕೆ ಎತ್ತಬೇಕಮ್ಮಾ. ಶೌಚಾಲಯಕ್ಕಿದ್ದ ಹಳೆ ತೂತೇ ಸಾಕು ಅಂದವರು ನಿಮ್ಮವರೇ."

"ಹಾಗಾದರೆ ಹಾಯಿ ಕುಗ್ಗಿಸಿ ಸಾರ್. 12 ಡಿಗ್ರಿಗಿಂತ ಹೆಚ್ಚು ವಾಲಬಾರದು."

"ಕುಗ್ಗಿಸಿದರೆ ವೇಗ ಹೋಗುತ್ತೆ. ವೇಗ ಹೋದರೆ ಅಲೆ ಹಡಗನ್ನ ಇನ್ನೂ ಎತ್ತಿ ಹಾಕುತ್ತೆ. ನಿಮ್ಮ ಗುಳ್ಳೆ ಹೋಗಲ್ಲ."

ಇಬ್ಬರೂ ಹೇಳಿದ್ದು ಸರಿಯೇ. ಕೊನೆಗೆ ದೊಡ್ಡ ಹಾಯಿಗೆ ಎರಡು ಮಡಿಕೆ ಹಾಕಿ, ದಡದತ್ತ ಹೋಗುವಾಗ ಗಾಳಿಯ ಮಾದರಿ ಮಾತ್ರ, ಅದೇ ಗೆರೆಯಲ್ಲಿ ಪಶ್ಚಿಮಕ್ಕೆ ಮರಳುವಾಗ ನೀರಿನ ಅಳತೆ ಎಂದು ತೀರ್ಮಾನವಾಯಿತು. ಮರಳುವಾಗ ಗಾಳಿ ಬಲ ಹಿಂಬದಿಯಿಂದ. ಹಡಗು ಸ್ವಲ್ಪವೇ ಎಡಕ್ಕೆ ವಾಲಿ ತೂತು ಆಳದಲ್ಲೇ ಉಳಿಯಿತು, ಲವಣಾಂಶದ ಗೆರೆ ನೇರವಾಯಿತು. ಒಂದೇ ದಾರಿಯನ್ನು ಎರಡು ಸಲ ಸವೆಸಲು ಡೀಸೆಲ್ ಸುಡಬೇಕಿಲ್ಲ ಎನ್ನುವುದೇ ಹಾಯಿಯ ನಿಜವಾದ ಲಾಭ.

ನೀರಿನ ಮಾದರಿಗೆ ಹಗ್ಗದಲ್ಲಿ ಬಾಟಲಿ ಇಳಿಸುವುದಕ್ಕೆ ಮುಂದಿನ ಹಾಯಿಯನ್ನು ಗಾಳಿಗೆ ಎದುರಾಗಿ ಕಟ್ಟಿ, ಚುಕ್ಕಾಣಿ ತಿರುಗಿಸಿಟ್ಟು ಹಡಗನ್ನು ನಿಲ್ಲಿಸುತ್ತಾರೆ. ಹಗ್ಗ ಗಾಳಿ ಬರುವ ಬದಿಯಿಂದಲೇ ಇಳಿಯಬೇಕು. ಇನ್ನೊಂದು ಬದಿಯಿಂದ ಬಿಟ್ಟರೆ ಹಡಗು ಹಗ್ಗದ ಮೇಲೇ ತೇಲಿಬಂದು ಅದು ಚುಕ್ಕಾಣಿಗೆ ಸುತ್ತಿಕೊಳ್ಳುತ್ತದೆ.

ಬಲೆಯಲ್ಲಿ ಹಿಡಿದ ಪ್ಲವಕದ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳ) ಸೀಸೆಗಳದ್ದು ಮಾತ್ರ ಈಗಲೂ ಹೊಟ್ಟೆ ಉರಿಸುವ ಸಂಗತಿ. ಮಾರ್ಕರ್ ಪೆನ್ನಿನಲ್ಲಿ ಬರೆದ ಚೀಟಿಗಳನ್ನು ಸೋರಿದ ಎಥೆನಾಲ್ ಒಂದೇ ರಾತ್ರಿಯಲ್ಲಿ ತೊಳೆದುಬಿಟ್ಟಿತ್ತು. ಪೆನ್ಸಿಲ್‌ನಲ್ಲಿ ಬರೆದ ಚೀಟಿ ಸೀಸೆಯ ಒಳಗೊಂದು, ಮುಚ್ಚಳದ ಮೇಲೆ ಕೆತ್ತಿದ ಸಂಖ್ಯೆಯೊಂದು ಇರಲಿ. ಬಲೆಯನ್ನು ಹೊರಗಿನಿಂದಲೇ ತೊಳೆಯಿರಿ. ಒಳಗಿನಿಂದ ನೀರು ಹಾಯಿಸಿದರೆ ಆ ನೀರಿನಲ್ಲಿರುವ ಜೀವಿಗಳೂ ಲೆಕ್ಕಕ್ಕೆ ಸೇರುತ್ತವೆ. ಮೈಕ್ರೋಪ್ಲಾಸ್ಟಿಕ್ ಹುಡುಕುವ ಬಲೆಯನ್ನು ಹಡಗು ಎಬ್ಬಿಸುವ ನೊರೆಯಿಂದ ದೂರಕ್ಕೆ, 2–3 ನಾಟ್ ವೇಗದಲ್ಲಿ ಎಳೆಯಬೇಕು. ಹಾಯಿ ಪಾಲಿಯೆಸ್ಟರ್, ಹಗ್ಗ ಪಾಲಿಯೆಸ್ಟರ್, ಡೆಕ್ಕಿನ ಬಣ್ಣವೂ ಪಾಲಿಮರ್. ಪ್ರತಿಯೊಂದರ ಚೂರನ್ನೂ ಕತ್ತರಿಸಿ ಮಾದರಿಗಳ ಜೊತೆಗೇ ಪ್ರಯೋಗಾಲಯಕ್ಕೆ ಕಳಿಸಬೇಕು, ಹಡಗಿನದ್ದೇ ಎಳೆಗಳು ಕಡಲಿನ ಲೆಕ್ಕದಲ್ಲಿ ಸೇರದಂತೆ.